ಗೃಹಯಂತ್ರಗಳ ಜೀರ್ಣೋದ್ಧಾರ ಮತ್ತು ಪಾಠಶುದ್ಧಿಯ ಪ್ರಶ್ನೆ

ಬ್ರಿಟನ್ನಿನಲ್ಲಿ ಕಳೆದ ಅರ್ಧ ಶತಮಾನದಿಂದೀಚೆಗೆ ಒಂದು ಹವ್ಯಾಸ ಬೇರೂರಿ ಬೆಳೆದಿದೆ. ಎರಡನೆಯ ಮಹಾಯುದ್ಧದ ಹಿಂದುಮುಂದಿನ ದಶಕಗಳಲ್ಲಿ ಅಲ್ಲಿಯ ಮನೆಗಳಲ್ಲಿ ಬಳಕೆಯಲ್ಲಿದ್ದು, ಅನಂತರ ಅಟ್ಟವನ್ನೋ ಗುಜರಿಯನ್ನೋ ಸೇರಿದ ವಿದ್ಯುದುಪಕರಣಗಳನ್ನು ಹುಡುಕಿ ತರುವುದು. ವಾಲ್ವಿನ ರೇಡಿಯೋ, ಧೂಳು ಹೀರುವ ಯಂತ್ರ, ಬಟ್ಟೆ ಒಗೆಯುವ ಯಂತ್ರ, ಕೆಟಲು, ಹಿಟ್ಟು ಕಲೆಸುವ ಯಂತ್ರ ಮೊದಲಾದ ಇವುಗಳನ್ನು ಬಿಚ್ಚಿ, ತೊಳೆದು, ಕೆಟ್ಟ ಭಾಗಗಳನ್ನು ಬದಲಿಸಿ ಮತ್ತೆ ನಡೆಯುವಂತೆ ಮಾಡುವುದು. ಹಾಗೆ ಮಾಡಿದ ಮೇಲೆ ಆ ಯಂತ್ರದ ಸುತ್ತ ಹೆಣೆದುಕೊಂಡಿರುವ ಬಾಲ್ಯದ ನೆನಪುಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು: ಇದು ಆ ಹವ್ಯಾಸದ ಸ್ವರೂಪ. ರೇಡಿಯೋಗಳಲ್ಲಿ ಆಸಕ್ತಿಯುಳ್ಳವರು ೧೯೭೬ರಲ್ಲಿಯೇ ಬ್ರಿಟಿಷ್ ವಿಂಟೇಜ್ ವೈರ್‌ಲೆಸ್ ಸೊಸೈಟಿ ಎಂಬ ಸಂಘವನ್ನು ಕಟ್ಟಿಕೊಂಡರು. ಅಡುಗೆಮನೆಯ ಯಂತ್ರಗಳಿಗೂ ಧೂಳು ಹೀರುವ ಯಂತ್ರಗಳಿಗೂ ಅವುಗಳದೇ ಆದ ಭಕ್ತಮಂಡಲಿಗಳಿವೆ.

ಇಂಥ ವಿಷಯಕ್ಕೂ ಸಾಹಿತ್ಯವಿಭಾಗದ ವಾರ್ಷಿಕ ಸಂಚಿಕೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ ಎಂದು ನಮ್ಮ ಅಭಿಪ್ರಾಯ. ಹಲವು ಕೈಗಳನ್ನು ಹಾದು ನಮ್ಮ ಕೈಗೆ ಬಂದ ಹಳೆಯ ವಸ್ತು ಯಾವುದೇ ಆಗಲಿ, ಅದು ಓಲೆಯ ಪ್ರತಿಯಂತೆಯೇ ಒಂದು ಪಾಠ. ಅದರಲ್ಲಿ ಮೂಲದ ಅಂಶವಿರುತ್ತದೆ, ನಡುವಣವರ ತಿದ್ದುಪಡಿ ಇರುತ್ತದೆ, ಹುಳು ತಿಂದ ಜಾಗವಿರುತ್ತದೆ. ಅದನ್ನು ಸರಿಪಡಿಸುವವನು ಏನನ್ನು ಉಳಿಸಬೇಕು, ಏನನ್ನು ತೆಗೆಯಬೇಕು, ತಾನು ಸೇರಿಸಿದ್ದನ್ನು ಹೇಗೆ ಗುರುತು ಮಾಡಬೇಕು ಎಂಬ ಪ್ರಶ್ನೆಗಳು ಗ್ರಂಥಸಂಪಾದಕನ ಪ್ರಶ್ನೆಗಳೇ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪಠ್ಯವಾಗಿ ಓದಿದ ವಿದ್ಯಾರ್ಥಿಗೆ ಈ ಹವ್ಯಾಸಿಗಳ ಕಷ್ಟ ತೀರ ಅಪರಿಚಿತವಾಗಿ ತೋರಲಾರದು. ಈ ದೃಷ್ಟಿಯಿಂದ ಅವರ ಕೆಲಸವನ್ನೂ, ಅದಕ್ಕಿಂತ ಹೆಚ್ಚಾಗಿ ಅವರ ಸ್ಮರಣೆಯನ್ನೂ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಕೆಲಸದ ವಿಚಾರ. ೧೯೪೦-೫೦ರ ದಶಕಗಳ ಬೇಕಲೈಟ್ ರೇಡಿಯೋ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಒಳಗೆ ಮೇಣ ಹಚ್ಚಿದ ಕಾಗದದ ಕೆಪ್ಯಾಸಿಟರುಗಳಿರುತ್ತವೆ. ಕಾಲಕ್ರಮದಲ್ಲಿ ತೇವ ಒಳಹೊಕ್ಕು ಅವು ತಡೆಯಬೇಕಾದ ವಿದ್ಯುತ್ತನ್ನು ತಡೆಯಲಾರದೆ ಸೋರಿಸತೊಡಗುತ್ತವೆ. ಹಾಗೆಯೇ ಚಾಲೂ ಮಾಡಿದರೆ ವಾಲ್ವುಗಳಿಗೂ ಟ್ರಾನ್ಸ್‌ಫಾರ್ಮರಿಗೂ ಅಪಾಯ. ಆದುದರಿಂದ ಅವುಗಳನ್ನು ಬದಲಿಸಲೇಬೇಕು. ಆದರೆ ಹಳದಿ ಬಣ್ಣದ ಹೊಸ ಪ್ಲಾಸ್ಟಿಕ್ ತುಂಡುಗಳನ್ನು ಬೆಸೆದರೆ ಯಂತ್ರದ ಒಡಲು ತನ್ನ ಕಾಲದ ಚಹರೆಯನ್ನು ಕಳೆದುಕೊಳ್ಳುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ನಿಷ್ಠಾವಂತ ಹವ್ಯಾಸಿಗಳು ಒಂದು ಉಪಾಯ ಮಾಡುತ್ತಾರೆ. ಹಳೆಯ ಕೆಪ್ಯಾಸಿಟರನ್ನು ಬಿಸಿಮಾಡಿ ಒಳಗಿನ ತಿರುಳನ್ನು ಹೊರತೆಗೆದು, ಆ ಕಾಗದದ ಚಿಪ್ಪಿನೊಳಗೆ ಹೊಸ ಸಣ್ಣ ಕೆಪ್ಯಾಸಿಟರನ್ನು ಕೂರಿಸಿ, ತುದಿಗಳನ್ನು ಮೇಣದಿಂದ ಮುಚ್ಚುತ್ತಾರೆ. ಹೊರಗಿನ ಅಕ್ಷರ, ಬಣ್ಣ, ಕಲೆ ಎಲ್ಲವೂ ಹಿಂದಿನಂತೆಯೇ ಉಳಿಯುತ್ತವೆ.

ಇದರ ಕೌಶಲವನ್ನು ಮೆಚ್ಚದಿರಲಾಗದು. ಆದರೆ ವಿಮರ್ಶಕನ ಕಣ್ಣಿಗೆ ಇದು ನಿರುಪದ್ರವಿಯಾದ ಕೆಲಸವೂ ಅಲ್ಲ. ಹೊಸ ಪದವನ್ನು ಹಳೆಯ ಲಿಪಿಯಲ್ಲಿ ಬರೆದು ಓಲೆಯ ತೂತಿನಲ್ಲಿ ಅಂಟಿಸಿ, ಆವರಣಚಿಹ್ನೆಯನ್ನೂ ಹಾಕದೆ, ಅಡಿಟಿಪ್ಪಣಿಯನ್ನೂ ಕೊಡದೆ ಬಿಟ್ಟ ಸಂಪಾದಕನನ್ನು ನಾವು ಏನೆನ್ನುತ್ತೇವೆ? ಮುಂದಿನ ಓದುಗನು ಅದನ್ನು ಮೂಲವೆಂದೇ ತಿಳಿಯುತ್ತಾನೆ. ಅದೇ ಹವ್ಯಾಸಿಯು ತಾನು ಮಾಡಿದ ಬದಲಾವಣೆಗಳ ಪಟ್ಟಿಯೊಂದನ್ನು ತಾರೀಖಿನೊಡನೆ ಬರೆದು ಪೆಟ್ಟಿಗೆಯ ಹಿಂಬದಿಯ ಒಳಮೈಗೆ ಅಂಟಿಸಿದರೆ, ತೆಗೆದ ತಿರುಳನ್ನು ಒಂದು ಲಕೋಟೆಯಲ್ಲಿ ಇಟ್ಟರೆ, ಆ ಕೂಡಲೇ ಮೋಸವಾಗಬಹುದಾಗಿದ್ದ ಕೆಲಸ ಶಾಸ್ತ್ರೀಯವಾದ ಕೆಲಸವಾಗುತ್ತದೆ. ಎರಡಕ್ಕೂ ನಡುವೆ ಇರುವ ಅಂತರ ಒಂದು ತುಂಡು ಕಾಗದದಷ್ಟೇ. ಆದರೆ ಆ ಅಂತರವೇ ಸರ್ವಸ್ವ.

ಇನ್ನೊಂದು ತೊಡಕಿದೆ. ೧೯೫೦ರಲ್ಲಿ ತಯಾರಾದ ರೇಡಿಯೋ ೧೯೬೦ರಲ್ಲಿ ಬೀದಿಯ ಮೂಲೆಯ ರಿಪೇರಿ ಅಂಗಡಿಗೆ ಹೋಗಿಬಂದಿದ್ದು, ಅಲ್ಲಿಯವನು ಕೈಗೆ ಸಿಕ್ಕಿದ ಬೇರೊಂದು ಬಗೆಯ ಭಾಗವನ್ನು ಅದಕ್ಕೆ ಬೆಸೆದಿದ್ದಾನೆನ್ನೋಣ. ಅದು ಪ್ರಕ್ಷೇಪವೇ? ತೆಗೆದುಹಾಕತಕ್ಕದ್ದೇ? ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಯೊಂದೇ ಪ್ರಮಾಣವೆನ್ನುವವರು ಅದನ್ನು ಕಿತ್ತೊಗೆಯುತ್ತಾರೆ. ನಮಗೆ ಅದು ಅವಸರದ ನಿರ್ಣಯವಾಗಿ ಕಾಣುತ್ತದೆ. ಕವಿಯ ಮಾತನ್ನು ಅರಸುವ ಸಂಪಾದಕನು ಲಿಪಿಕಾರನ ಮಾತನ್ನು ಬೇರ್ಪಡಿಸಬೇಕಾದುದು ನಿಜ. ಆದರೆ ಮನೆಯ ಯಂತ್ರಕ್ಕೆ ಕವಿಯೊಬ್ಬನೇ ಕರ್ತೃವಲ್ಲ. ಅದನ್ನು ಬಳಸಿದವರೂ ರಿಪೇರಿ ಮಾಡಿದವರೂ ಅದರ ಸಹಕರ್ತೃಗಳು. ಅವರ ಬೆಸುಗೆಯನ್ನು ಅಳಿಸುವುದೆಂದರೆ, ಕೊಂಡ ವಸ್ತುವನ್ನು ಎಸೆಯದೆ ದುರಸ್ತಿ ಮಾಡಿಕೊಂಡು ಬಾಳಿದ ಒಂದು ಕಾಲದ ಸಾಕ್ಷ್ಯವನ್ನೇ ಅಳಿಸಿದಂತೆ.

ಹಳೆಯದನ್ನು ಹೊಸದರಂತೆ ಮಾಡಬೇಕೆ, ಇದ್ದಂತೆ ಕಾಪಾಡಬೇಕೆ ಎಂಬ ವಾದ ಇಂಗ್ಲೆಂಡಿನಲ್ಲಿ ಹೊಸದೇನಲ್ಲ. ಜಾನ್ ರಸ್ಕಿನ್ನನು ೧೮೪೯ರಲ್ಲಿ ಪ್ರಕಟಿಸಿದ ವಾಸ್ತುಶಿಲ್ಪವಿಷಯಕವಾದ ಗ್ರಂಥದಲ್ಲಿ, ಹಳೆಯ ಕಟ್ಟಡಗಳ ನವೀಕರಣವನ್ನು ಅವುಗಳ ನಾಶವೆಂದೇ ಬಗೆದನು. ವಿಲಿಯಂ ಮಾರಿಸನು ೧೮೭೭ರಲ್ಲಿ ಪುರಾತನ ಕಟ್ಟಡಗಳ ರಕ್ಷಣೆಗಾಗಿ ಸಂಘವೊಂದನ್ನು ಸ್ಥಾಪಿಸಿ ಆ ವಾದಕ್ಕೆ ಸಂಸ್ಥಾರೂಪವನ್ನು ಕೊಟ್ಟನು. ನಮ್ಮ ಶಾಸನಗಳಾದರೋ ‘ಖಂಡಸ್ಫುಟಿತ ಜೀರ್ಣೋದ್ಧಾರ’ವನ್ನು ದಾನದ ಉದ್ದೇಶಗಳಲ್ಲಿ ಒಂದೆಂದು ಮತ್ತೆ ಮತ್ತೆ ಹೇಳುತ್ತವೆ, ಒಡೆದುದನ್ನು ಸರಿಪಡಿಸಿ ಪೂಜೆ ನಡೆಯುವಂತೆ ಮಾಡುವುದೇ ಅಲ್ಲಿ ಪುಣ್ಯಕಾರ್ಯ. ಯಂತ್ರದ ವಿಷಯದಲ್ಲಿ ರಸ್ಕಿನ್ನನ ಮಾತಿಗಿಂತ ಶಾಸನಗಳ ದೃಷ್ಟಿ ಹೆಚ್ಚು ಸಮೀಪವೆಂದು ತೋರುತ್ತದೆ. ಪಾಳುಬಿದ್ದ ಗೋಪುರಕ್ಕೆ ಒಂದು ಘನತೆಯಿದೆ. ಓಡದ ಯಂತ್ರ ಯಂತ್ರದ ಚಿತ್ರ ಮಾತ್ರ. ಅದರ ಅರ್ಥ ಅದರ ಕ್ರಿಯೆಯಲ್ಲಿದೆ.

ಕ್ರಿಯೆಯಲ್ಲಿದೆ ಎಂದೊಡನೆ ಕಷ್ಟವೂ ಮೊದಲಾಗುತ್ತದೆ. ೧೯೫೦ರ ಬುಷ್ ಟಿವಿ೨೨ ಎಂಬ, ಒಂಬತ್ತು ಅಂಗುಲದ ಪರದೆಯ ಬೇಕಲೈಟ್ ಟೆಲಿವಿಷನ್ನನ್ನು ಎಷ್ಟು ಚೆನ್ನಾಗಿ ದುರಸ್ತಿ ಮಾಡಿದರೂ ಅದಕ್ಕೆ ನೋಡಲು ಏನೂ ಇಲ್ಲ. ಅದು ೪೦೫ ಗೆರೆಗಳ ಪದ್ಧತಿಯ ಯಂತ್ರ. ಆ ಪದ್ಧತಿಯ ಪ್ರಸಾರ ಬ್ರಿಟನ್ನಿನಲ್ಲಿ ೧೯೮೫ರಲ್ಲಿ ನಿಂತುಹೋಯಿತು. ಹೀಗಾಗಿ ಹವ್ಯಾಸಿಗಳು ಇಂದಿನ ಚಿತ್ರಸಂಕೇತವನ್ನು ೪೦೫ ಗೆರೆಗಳಿಗೆ ಇಳಿಸುವ ಬೇರೊಂದು ಉಪಕರಣವನ್ನೇ ರಚಿಸಿಕೊಂಡರು. ಲಿಪಿ ಸತ್ತ ಮೇಲೆ ಆ ಲಿಪಿಯನ್ನು ಓದಬಲ್ಲವನಿಗಾಗಿ ಹೊಸದಾಗಿ ಬರೆದುಕೊಡುವ ಕೆಲಸವಿದು. ರೇಡಿಯೋದ ಮುಖಫಲಕದ ಮೇಲೆ ಹಿಲ್ವರ್ಸಮ್, ಅಥ್‌ಲೋನ್, ಲಕ್ಸೆಂಬರ್ಗ್ ಎಂಬ ಊರುಗಳ ಸಾಲಿನ ನಡುವೆ ‘ಲೈಟ್’ ಎಂಬ ಹೆಸರಿರುತ್ತದೆ. ಬಿ.ಬಿ.ಸಿ.ಯ ಆ ಲೈಟ್ ಪ್ರೋಗ್ರಾಂ ೧೯೬೭ರಲ್ಲಿಯೇ ಮುಗಿಯಿತು. ಯಂತ್ರವನ್ನು ಬದುಕಿಸಬಹುದು, ಅದು ಯಾರೊಡನೆ ಮಾತನಾಡುತ್ತಿತ್ತೋ ಆ ಲೋಕವನ್ನು ಬದುಕಿಸಲಾಗದು. ಉತ್ತಮ ಹವ್ಯಾಸಿಗಳು ಈ ಮಿತಿಯನ್ನು ಮರೆಮಾಚುವುದಿಲ್ಲ.

ಮೂಲನಿಷ್ಠೆಗೆ ಇನ್ನೊಂದು ಮಿತಿ ಪ್ರಾಣಭಯದ್ದು. ಆ ಕಾಲದ ಅನೇಕ ಅಗ್ಗದ ರೇಡಿಯೋಗಳಲ್ಲಿ ಒಳಗಿನ ಲೋಹದ ಚೌಕಟ್ಟೇ ಮನೆಯ ವಿದ್ಯುತ್ತಿಗೆ ನೇರವಾಗಿ ಜೋಡಿಸಲ್ಪಟ್ಟಿತ್ತು. ಶಾಖದ ಉಪಕರಣಗಳಲ್ಲಿ ಕಲ್ನಾರು ಬಳಸಿದ್ದುಂಟು. ರಬ್ಬರು ಹೊದಿಸಿದ ವೈರು ಮುಟ್ಟಿದರೆ ಪುಡಿಯಾಗುವಂತಿರುತ್ತದೆ. ಉಪಕರಣಗಳ ವೈರಿನಲ್ಲಿ ಕೆಂಪು, ಕಪ್ಪು, ಹಸಿರು ಎಂಬ ಹಳೆಯ ವರ್ಣಕ್ರಮ ಹೋಗಿ ಕಂದು, ನೀಲಿ, ಹಸಿರು-ಹಳದಿ ಎಂಬ ಹೊಸ ಕ್ರಮ ಬಂದದ್ದು ೧೯೭೦ರ ಸುಮಾರಿಗೆ. ಇಲ್ಲೆಲ್ಲ ಮೂಲಪಾಠವನ್ನು ಬಿಟ್ಟು ಶುದ್ಧಪಾಠವನ್ನು ಸ್ವೀಕರಿಸುವುದೇ ಧರ್ಮ. ಈ ಸಂದರ್ಭದಲ್ಲಿ ನಮ್ಮ ವಾಚಕರು ಗಮನಿಸಬೇಕಾದ ಸಂಗತಿಯೊಂದಿದೆ. ಅಲ್ಲಿ ೧೯೪೭ರ ಬಳಿಕ ಚಪ್ಪಟೆ ಕಡ್ಡಿಗಳ ಹದಿಮೂರು ಆಂಪಿಯರಿನ ಪ್ಲಗ್ಗು ಬಂದು ಕ್ರಮೇಣ ಮೂಲೆಗುಂಪಾದ ದುಂಡುಕಡ್ಡಿಯ ಪ್ಲಗ್ಗಿನ ಸಂತತಿಯೇ ಇಂದಿಗೂ ನಮ್ಮ ಮನೆಗಳ ಗೋಡೆಗಳಲ್ಲಿದೆ. ಅಲ್ಲಿಯ ಸಂಗ್ರಾಹಕನು ಪುರಾತನವಸ್ತುವೆಂದು ಒರೆಸಿ ಇಡುವುದರ ಮೊಮ್ಮಗುವಿಗೆ ನಾವು ದಿನವೂ ಇಸ್ತ್ರಿಪೆಟ್ಟಿಗೆಯನ್ನು ಸಿಕ್ಕಿಸುತ್ತೇವೆ. ಹಳತೆಂಬುದು ವಸ್ತುವಿನ ಗುಣವಲ್ಲ, ನೋಡುವವನ ನೆಲೆಯ ಗುಣವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇನ್ನು ಸ್ಮರಣೆಯ ವಿಚಾರ. ಕೈಕೆಲಸದಲ್ಲಿ ಇಷ್ಟು ಎಚ್ಚರವುಳ್ಳ ಈ ಜನ ನೆನಪಿನಲ್ಲಿ ಮಾತ್ರ ಆಶ್ಚರ್ಯಕರವಾದ ಅಜಾಗರೂಕತೆಯನ್ನು ತೋರುತ್ತಾರೆಂಬುದು ನಮ್ಮ ಮುಖ್ಯ ಆಕ್ಷೇಪ. ಅವರ ಮಾತುಗಳಲ್ಲಿ ಪಲ್ಲವಿಯಂತೆ ಮರಳಿ ಬರುವ ಮಾತೊಂದಿದೆ: ಅಂದಿನ ವಸ್ತು ಗಟ್ಟಿ, ಇಂದಿನದು ಟೊಳ್ಳು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ; ತಿರುಪು ಬಿಚ್ಚಿ ದುರಸ್ತಿ ಮಾಡಬಹುದಾದಂತೆ ಅಂದಿನ ಹಲವು ಯಂತ್ರಗಳನ್ನು ಕಟ್ಟುತ್ತಿದ್ದರು. ಆದರೆ ನಮ್ಮ ಮುಂದಿರುವುದು ಉಳಿದುಬಂದ ಯಂತ್ರಗಳು ಮಾತ್ರ. ಎರಡು ವರ್ಷಗಳಲ್ಲಿ ಸುಟ್ಟುಹೋದವು ಸಾಕ್ಷಿ ಹೇಳಲು ಬರುವುದಿಲ್ಲ. ಬಳಕೆದಾರರ ಪರವಾಗಿ ಸರಕುಗಳನ್ನು ಪರೀಕ್ಷಿಸಿ ವರದಿ ಮಾಡುವ ‘ವಿಚ್’ ಎಂಬ ಪತ್ರಿಕೆ ಬ್ರಿಟನ್ನಿನಲ್ಲಿ ಹುಟ್ಟಿದ್ದು ೧೯೫೭ರಲ್ಲಿ. ಅದರ ಮೊದಲ ಸಂಚಿಕೆಯಲ್ಲಿಯೇ ವಿದ್ಯುತ್ ಕೆಟಲುಗಳ ಪರೀಕ್ಷೆಯಿದೆ. ಅಂದಿನ ಸರಕೆಲ್ಲ ನಂಬತಕ್ಕದ್ದಾಗಿದ್ದರೆ ಅಂಥ ಪತ್ರಿಕೆಯ ಅಗತ್ಯವೇ ಬೀಳುತ್ತಿರಲಿಲ್ಲ. ಅಲ್ಲದೆ, ೧೯೫೦ರ ದಶಕದ ನಡುವಿನಲ್ಲಿ ಅಲ್ಲಿಯ ಹತ್ತು ಮನೆಗಳಲ್ಲಿ ಒಂದರಲ್ಲಿಯೂ ರೆಫ್ರಿಜಿರೇಟರು ಇರಲಿಲ್ಲ. ‘ನಮ್ಮ ಕಾಲದ ಅಡುಗೆಮನೆ’ ಎಂದು ನೆನೆಯುವಾಗ ಅದು ಯಾರ ಅಡುಗೆಮನೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು.

ಈ ಪ್ರಶ್ನೆಯನ್ನು ಯಂತ್ರಗಳೇ ಕೇಳುತ್ತವೆ, ಓದಲು ಬಲ್ಲವರಿದ್ದರೆ. ಹವ್ಯಾಸಿಗಳ ಅಚ್ಚುಮೆಚ್ಚಿನ ‘ಟೀಸ್‌ಮೇಡ್’ ಎಂಬ ಉಪಕರಣವನ್ನು ನೋಡೋಣ. ತಾನಾಗಿ ಚಹಾ ಮಾಡುವ ಯಂತ್ರದ ಕಲ್ಪನೆ ಹಳೆಯದು. ಬರ್ಮಿಂಗ್‌ಹ್ಯಾಮಿನ ಬಂದೂಕು ತಯಾರಕ ಫ್ರಾಂಕ್ ಕ್ಲಾರ್ಕನು ೧೯೦೨ರಲ್ಲಿ ಬೆಂಕಿಕಡ್ಡಿ ಗೀರಿ ಸ್ಪಿರಿಟ್ ಒಲೆಯನ್ನು ಹೊತ್ತಿಸುವ ಅಲಾರಂ ಗಡಿಯಾರವೊಂದಕ್ಕೆ ಪೇಟೆಂಟ್ ಪಡೆದಿದ್ದನು. ವಿದ್ಯುತ್ತಿನ ಟೀಸ್‌ಮೇಡನ್ನು ೧೯೩೦ರ ದಶಕದಲ್ಲಿ ಗಾಬ್ಲಿನ್ ಸಂಸ್ಥೆ ಮಾರುಕಟ್ಟೆಗೆ ತಂದಿತು. ಹಾಸಿಗೆಯ ಪಕ್ಕದಲ್ಲಿ ಇಡುವ ಈ ಯಂತ್ರದಲ್ಲಿ ನಿಗದಿಯಾದ ವೇಳೆಗೆ ಗಡಿಯಾರವು ನೀರಿನ ಪಾತ್ರೆಯನ್ನು ಕಾಯಿಸತೊಡಗುತ್ತದೆ. ಕುದಿದ ನೀರು ಹಬೆಯ ಒತ್ತಡದಿಂದ ಕೊಳವೆಯ ಮೂಲಕ ಏರಿ ಪಕ್ಕದ ಚಹಾಪಾತ್ರೆಗೆ ಬೀಳುತ್ತದೆ. ನೀರೆಲ್ಲ ಹೋಗಿ ಪಾತ್ರೆ ಹಗುರವಾದೊಡನೆ ಅದರ ಕೆಳಗಿನ ಸ್ವಿಚ್ಚು ಮೇಲಕ್ಕೆದ್ದು ಶಾಖವನ್ನು ನಿಲ್ಲಿಸಿ, ಮಲಗಿದವನನ್ನು ಎಬ್ಬಿಸುತ್ತದೆ. ತನ್ನ ಭಾರವನ್ನು ಇಳಿಸಿಕೊಂಡಾಗ ಕೆಲಸ ಮುಗಿಯಿತೆಂದು ತಾನೇ ತಿಳಿಯುವ ಈ ಏರ್ಪಾಡು ನಿಜಕ್ಕೂ ಚತುರವಾದುದು.

ಹವ್ಯಾಸಿಗಳು ಇದನ್ನು ಅಜ್ಜಿಯ ಮಲಗುವ ಕೋಣೆ, ಬೆಳಗಿನ ಜಾವದ ಗುಳುಗುಳು ಸದ್ದು, ಇವುಗಳೊಡನೆ ನೆನೆಯುತ್ತಾರೆ. ಆದರೆ ಯಂತ್ರ ನೆನೆಯುವುದು ಬೇರೊಬ್ಬಳನ್ನು. ಎಚ್ಚರವಾಗುವ ಹೊತ್ತಿಗೆ ಹಾಸಿಗೆಯ ಬಳಿಗೆ ಚಹಾ ತಂದಿಡುವುದು ಮನೆಯ ಕೆಲಸದ ಹುಡುಗಿಯ ಕರ್ತವ್ಯವಾಗಿತ್ತು. ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿಯೂ ಬ್ರಿಟನ್ನಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರು ಮನೆಗೆಲಸದವರಾಗಿ ದುಡಿಯುತ್ತಿದ್ದರು. ಎರಡನೆಯ ಯುದ್ಧದ ಬಳಿಕ ಆ ವೃತ್ತಿ ಬೇಗಬೇಗನೆ ಕರಗಿತು. ಬೇರೆ ಕೆಲಸ ಸಿಕ್ಕಿದವರು ಆ ಕೆಲಸವನ್ನು ಬಿಟ್ಟರು. ಟೀಸ್‌ಮೇಡ್ ನಿಂತಿರುವುದು ಅವಳು ನಿಲ್ಲುತ್ತಿದ್ದ ಜಾಗದಲ್ಲಿ. ಯಂತ್ರದ ಹೆಸರಿನಲ್ಲಿ ಶ್ಲೇಷೆಯೂ ಇದೆ. ಇಂಗ್ಲಿಷಿನಲ್ಲಿ ‘ಮೇಡ್’ ಎಂಬ ಧ್ವನಿಗೆ ಮಾಡಿ ಮುಗಿಸಿದ್ದು ಎಂಬ ಅರ್ಥವೂ ಮನೆಗೆಲಸದ ಹುಡುಗಿ ಎಂಬ ಅರ್ಥವೂ ಕಿವಿಗೆ ಒಟ್ಟಿಗೆ ಬೀಳುತ್ತವೆ. ಕಾವ್ಯದಲ್ಲಿ ಶ್ಲೇಷೆಯನ್ನು ಬಿಡಿಸಿ ತೋರಿಸುವ ನಾವು ಇಲ್ಲಿ ಅದನ್ನು ಕಾಣದೆ ಹೋದರೆ ಹೇಗೆ? ಅಲಾರಮ್ಮಿನ ಸದ್ದಿನಲ್ಲಿ ಧ್ವನಿಸುವುದು ಹೋದವಳ ಹೆಜ್ಜೆಸದ್ದು.

ಎರಡನೆಯ ನಿದರ್ಶನ ಎರಡು ತೊಟ್ಟಿಗಳ ಬಟ್ಟೆ ಒಗೆಯುವ ಯಂತ್ರ. ೧೯೫೦ರ ದಶಕದ ಕೊನೆಯಿಂದ ಇದು ಸಾಮಾನ್ಯ ಕುಟುಂಬಗಳಿಗೂ ಎಟುಕಿತು. ಒಂದು ತೊಟ್ಟಿಯಲ್ಲಿ ಬಿಸಿನೀರಿನಲ್ಲಿ ಒಗೆತ; ಇನ್ನೊಂದರಲ್ಲಿ ಗಿರ್ರನೆ ತಿರುಗಿಸಿ ಹಿಂಡುವುದು. ಒಂದರಿಂದ ಇನ್ನೊಂದಕ್ಕೆ ನೆಂದು ಭಾರವಾದ, ಹಬೆಯಾಡುವ ಬಟ್ಟೆಯನ್ನು ಮರದ ಚಿಮಟದಿಂದ ಎತ್ತಿ ಹಾಕುವವಳು ಗೃಹಿಣಿ. ನೀರು ಉಳಿಸಲು ಅದೇ ನೀರಿನಲ್ಲಿ ಮೊದಲು ಬಿಳಿಯ ಬಟ್ಟೆ, ಆಮೇಲೆ ಬಣ್ಣದವು, ಕಡೆಗೆ ತೀರ ಕೊಳೆಯಾದವು ಎಂಬ ಕ್ರಮವನ್ನು ಅವಳೇ ನಿಂತು ನೋಡಿಕೊಳ್ಳಬೇಕಾಗಿತ್ತು. ಇದಕ್ಕೆ ಮುಂಚಿನ ಹಂಡೆ, ಕೋಲು, ಹಿಂಡುವ ಉರುಳೆಗಳ ಕಷ್ಟಕ್ಕೆ ಹೋಲಿಸಿದರೆ ಇದು ದೊಡ್ಡ ಬಿಡುಗಡೆಯೇ ಸರಿ. ಆದರೂ ಅರ್ಧ ದಿನ ಯಂತ್ರವನ್ನು ಬಿಟ್ಟು ಅಲ್ಲಾಡುವಂತಿರಲಿಲ್ಲ. ಗೃಹಯಂತ್ರಗಳು ಬಂದರೂ ಹೆಂಗಸಿನ ಶ್ರಮ ಎಣಿಸಿದಷ್ಟು ಇಳಿಯಲಿಲ್ಲವೆಂದು ಅಮೆರಿಕದ ಮನೆಗಳನ್ನು ಕುರಿತು ರೂತ್ ಷ್ವಾರ್ಟ್ಸ್ ಕವನ್ ಅವರು ೧೯೮೩ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿದೆ. ಬ್ರಿಟನ್ನಿನ ಹವ್ಯಾಸಿ ಆ ಯಂತ್ರವನ್ನು ಕುರಿತು ಹೇಳುವಾಗ ಸಾಬೂನಿನ ಪರಿಮಳವನ್ನೂ ಮೋಟಾರಿನ ಗುಂಗನ್ನೂ ನೆನೆಯುತ್ತಾನೆ. ಅದು ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದ ಮಗುವಿನ ನೆನಪು. ಚಿಮಟ ಹಿಡಿದವಳ ನೆನಪಲ್ಲ. ಮಗುವಿನ ನೆನಪು ಸುಳ್ಳೆಂದು ನಾವು ಹೇಳುತ್ತಿಲ್ಲ. ಅದೊಂದೇ ಪ್ರತಿಯನ್ನು ಆಧರಿಸಿ ಪಾಠವನ್ನು ನಿರ್ಣಯಿಸಬಾರದೆಂದಷ್ಟೇ ನಮ್ಮ ವಾದ.

ಇಲ್ಲಿ ಕೆಲಸದ ಪ್ರಶ್ನೆಯೂ ಸ್ಮರಣೆಯ ಪ್ರಶ್ನೆಯೂ ಒಂದಾಗುತ್ತವೆ. ಆ ಹೆಂಗಸರಲ್ಲಿ ಬಹುಮಂದಿ ತಮ್ಮ ದಿನಚರಿಯನ್ನು ಬರೆದಿಟ್ಟವರಲ್ಲ. ಅವರ ಸಾಕ್ಷ್ಯ ಉಳಿದಿರುವುದು ಹಿಡಿಯ ಮೇಲಿನ ಬಣ್ಣ ಸವೆದ ಜಾಗದಲ್ಲಿ, ಮುಚ್ಚಳದ ಮೇಲಿನ ಗೀರಿನಲ್ಲಿ, ಒಡೆದ ಗುಂಡಿಗೆ ಬದಲಾಗಿ ದಾರ ಸುತ್ತಿ ಮಾಡಿದ ತಾತ್ಕಾಲಿಕ ಏರ್ಪಾಡಿನಲ್ಲಿ. ಹವ್ಯಾಸಿ ಅದನ್ನು ಉಜ್ಜಿ, ಹೊಸ ಬಣ್ಣ ಹೊಡೆದು, ಅಂಗಡಿಯ ಕಿಟಕಿಯಲ್ಲಿದ್ದ ದಿನದ ಹೊಳಪಿಗೆ ತಂದಾಗ ಉಳಿಯುವುದು ತಯಾರಕನ ಜಾಹೀರಾತು. ಅಳಿಯುವುದು ಬಳಸಿದವಳ ಹಸ್ತಾಕ್ಷರ. ಹೊಳಪಾದ ಯಂತ್ರವೂ ಸಿಹಿಯಾದ ನೆನಪೂ ಕೂಡಿ ಒಂದು ಸುಂದರವಾದ ಕೃತಕಪಾಠವನ್ನು ಸೃಷ್ಟಿಸುತ್ತವೆ. ಮುಂದಿನ ತಲೆಮಾರಿನವರು ಅದನ್ನೇ ಇತಿಹಾಸವೆಂದು ಓದುವ ಅಪಾಯವಿದೆ. ಈ ಹವ್ಯಾಸದಲ್ಲಿ ನಷ್ಟವಾಗಬಹುದಾದ ವಸ್ತು ಇದೇ. ಕಳೆದುಹೋದರೆ ಯಾವ ಅಂಗಡಿಯಲ್ಲಿಯೂ ಬಿಡಿಭಾಗವಾಗಿ ದೊರೆಯದ ವಸ್ತು.

ಇದಕ್ಕಿಂತ ಉತ್ತಮವಾದ ಮಾದರಿ ಬ್ರಿಟನ್ನಿನಲ್ಲಿಯೇ ಇದೆ. ಟಿಮ್ ಹಂಕಿನ್ನರು ರೆಕ್ಸ್ ಗ್ಯಾರಡ್ಡರೊಡನೆ ೧೯೮೮ರಿಂದ ೧೯೯೩ರವರೆಗೆ ನಿರೂಪಿಸಿದ ‘ದಿ ಸೀಕ್ರೆಟ್ ಲೈಫ್ ಆಫ್ ಮಷೀನ್ಸ್’ ಎಂಬ ಟೆಲಿವಿಷನ್ ಮಾಲೆ ಧೂಳು ಹೀರುವ ಯಂತ್ರ, ಬಟ್ಟೆ ಒಗೆಯುವ ಯಂತ್ರ ಮೊದಲಾದವುಗಳನ್ನು ಬಿಚ್ಚಿ ತೋರಿಸಿತು. ಯಂತ್ರವನ್ನು ಪೂಜಿಸದೆ ಅದರೊಳಗೆ ಇಣುಕುವುದೇ ಆ ಮಾಲೆಯ ರೀತಿ. ಹಂಕಿನ್ನರೇ ರೂಪಿಸಿದ ಗೃಹೋಪಕರಣಗಳ ಪ್ರದರ್ಶನಾಂಗಣವೊಂದು ೧೯೯೫ರಲ್ಲಿ ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನಲ್ಲಿ ತೆರೆಯಿತು. ೨೦೨೪ರಲ್ಲಿ ಅದು ಮುಚ್ಚಿತು. ಸಾರ್ವಜನಿಕವಾದ ಇಂಥ ಅಂಗಣ ಮುಚ್ಚಿದ ಮೇಲೆ, ಸಾಮಾನ್ಯರ ಮನೆಯ ವಸ್ತುಗಳ ರಕ್ಷಣೆಯ ಹೊಣೆ ಈ ಹವ್ಯಾಸಿಗಳ ಗ್ಯಾರೇಜುಗಳ ಮೇಲೆ ಇನ್ನಷ್ಟು ಬೀಳುತ್ತದೆ. ಆದುದರಿಂದಲೇ ಅವರನ್ನು ನಕ್ಕು ತಳ್ಳಿಹಾಕುವುದೂ ಸಲ್ಲದು, ಪ್ರಶ್ನಿಸದೆ ಹೊಗಳುವುದೂ ಸಲ್ಲದು.

ಅವರಿಂದ ನಾವು ಅಪೇಕ್ಷಿಸುವುದು ಹೆಚ್ಚೇನಲ್ಲ. ಪ್ರಾಣಕ್ಕೆ ಅಪಾಯವಿರುವುದನ್ನು ನಿಸ್ಸಂಕೋಚವಾಗಿ ಬದಲಿಸಲಿ, ಬದಲಿಸಿದ್ದನ್ನು ಬರೆದಿಡಲಿ, ತೆಗೆದದ್ದನ್ನು ಸಾಧ್ಯವಾದಷ್ಟು ಕಾಪಾಡಲಿ. ಯಂತ್ರದ ಚಲನೆಗೆ ಅಡ್ಡಬರದ ಸವೆತವನ್ನು ಮುಟ್ಟದಿರಲಿ. ಯಂತ್ರವನ್ನು ಕೊಂಡುತರುವಾಗ ಅದನ್ನು ಬಳಸಿದವರು ಬದುಕಿದ್ದರೆ ಅವರ ಮಾತನ್ನೂ ಕೇಳಿ ದಾಖಲಿಸಲಿ. ಅದು ಎಷ್ಟು ಚೆನ್ನಾಗಿತ್ತೆಂದು ಮಾತ್ರವಲ್ಲ, ಯಾರು ಅದನ್ನು ನಡೆಸುತ್ತಿದ್ದರು, ಎಷ್ಟು ಹೊತ್ತು, ಆ ಹೊತ್ತಿನಲ್ಲಿ ಮನೆಯ ಉಳಿದವರು ಏನು ಮಾಡುತ್ತಿದ್ದರು ಎಂದು ಕೇಳಲಿ. ಕಾಗದದ ಕೆಪ್ಯಾಸಿಟರಿನ ಚಿಪ್ಪನ್ನು ಕೂಡ ಎಸೆಯಲೊಲ್ಲದ ಜನರಿಗೆ ಈ ಶ್ರದ್ಧೆ ಹೊರೆಯಾಗಲಾರದು. ಅವರು ವಸ್ತುವಿಗೆ ತೋರುವ ನಿಷ್ಠೆಯನ್ನು ನೆನಪಿಗೂ ತೋರಿದರೆ, ಜೀರ್ಣೋದ್ಧಾರವೆಂಬ ಮಾತಿಗೆ ಅವರ ಕೆಲಸ ಪೂರ್ಣವಾಗಿ ಯೋಗ್ಯವಾದೀತು. ಹಾಗಿಲ್ಲದಿದ್ದರೆ ಅದು ನಯವಾದ ನವೀಕರಣವಾಗಿ ಮಾತ್ರ ಉಳಿಯುತ್ತದೆ.